ಒಂದು ಹಲ್ಲು ಜಾಸ್ತಿ

ನಮ್ಮ ಮನೆಯ ಷೋಕೇಸಿನಲ್ಲಿ ಮಗಳು ಥ್ರೋಬಾಲಿನಲ್ಲಿ ಗೆದ್ದ ಕಪ್ಪು ಒಂದು ಕಡೆ, ಮದುವೆಗೆ ಉಡುಗೊರೆ ಬಂದು ಇವತ್ತಿನವರೆಗೂ ಒಂದು ತೊಟ್ಟು ಟೀ ಕಾಣದ ಪಿಂಗಾಣಿ ಸೆಟ್ಟು ಇನ್ನೊಂದು ಕಡೆ. ಇವೆರಡರ ನಡುವೆ ಒಂದು ಬಿಳಿ ಪ್ಲಾಸ್ಟಿಕ್ಕಿನ ಹಲ್ಲುಚಕ್ರ ಇದೆ. ಹೆಬ್ಬೆರಳ ಉಗುರಿನಷ್ಟು ಗಾತ್ರ. ಬಂದ ನೆಂಟರು ಅದನ್ನು ಕೈಗೆತ್ತಿಕೊಂಡು, "ಇದೇನ್ರೀ, ಮಿಕ್ಸಿದಾ?" ಎಂದು ಕೇಳುತ್ತಾರೆ. ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮನೆಯವರು ಅಡುಗೆಮನೆಯಿಂದಲೇ, "ಅದು ಅವಳ ಹಲ್ಲು!" ಎಂದು ಕೂಗುತ್ತಾರೆ. ನೆಂಟರು ಗಾಬರಿಯಾಗಿ ಕೆಳಗಿಡುತ್ತಾರೆ. ಅದನ್ನು ಅಲ್ಲಿ ತಂದಿಟ್ಟವರೂ ಅವರೇ. ತೆಗೆದು ಬಿಸಾಡೋಣ ಅಂದರೆ ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಿಸಾಡಲು ಮನಸ್ಸಿಲ್ಲ.

ನನ್ನ ಕೆಲಸ ಪೀಣ್ಯ ಎರಡನೇ ಹಂತದ ಒಂದು ಪುಟ್ಟ ಲ್ಯಾಬಿನಲ್ಲಿ. ಸುತ್ತಮುತ್ತಲ ಕಾರ್ಖಾನೆಗಳವರು ತಮ್ಮ ಅಳತೆಯ ಸಾಮಾನುಗಳನ್ನು, ಅಂದರೆ ಮೈಕ್ರೋಮೀಟರು, ಪ್ರೆಶರ್ ಗೇಜು, ಥರ್ಮಾಮೀಟರು ಇಂಥವನ್ನು, ವರ್ಷಕ್ಕೊಮ್ಮೆ ನಮ್ಮಲ್ಲಿಗೆ ತರುತ್ತಾರೆ. ಸರಿಯಾಗಿ ತೋರಿಸುತ್ತಿದ್ದರೆ ಹಸಿರು ಚೀಟಿ ಅಂಟಿಸುತ್ತೇವೆ, ತಪ್ಪು ತೋರಿಸುತ್ತಿದ್ದರೆ ಕೆಂಪು ಚೀಟಿ. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಕೂದಲೆಳೆಯನ್ನು ಹತ್ತು ಭಾಗ ಮಾಡಿ, ಅದರಲ್ಲಿ ಒಂದು ಭಾಗ ಹೆಚ್ಚಾಯಿತು ಅಂತ ಕೆಂಪು ಚೀಟಿ ಅಂಟಿಸಿದವಳು ನಾನು. ದೊಡ್ಡ ದೊಡ್ಡ ಮ್ಯಾನೇಜರುಗಳು ಫೋನು ಮಾಡಿ, "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದಾಗ, "ಸ್ವಲ್ಪ ಅಂದ್ರೆ ಎಷ್ಟು ಸಾರ್? ಅಳತೆ ಹೇಳಿ" ಅಂದವಳು.

ಲ್ಯಾಬಿಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯರು ಎರಡು ನಿಯಮ ಹೇಳಿಕೊಟ್ಟಿದ್ದರು. ಮೊದಲನೆಯದು, ಒಂದು ಉಪಕರಣವನ್ನು ಇನ್ನೊಂದರಿಂದ ಪರೀಕ್ಷಿಸುವ ಮುಂಚೆ ಆ ಇನ್ನೊಂದು ಸರಿಯಿದೆಯೇ ಅಂತ ನೋಡಿಕೊಳ್ಳಬೇಕು. ಎರಡನೆಯದು, ಬರೆದಿದ್ದು ತಪ್ಪಾದರೆ ಅದನ್ನು ಅಳಿಸುವ ಹಾಗಿಲ್ಲ, ವೈಟ್ನರ್ ಬಳಿಯುವ ಹಾಗಿಲ್ಲ. ತಪ್ಪು ಕಾಣುವಂತೆಯೇ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಎರಡನ್ನೂ ಹತ್ತಾರು ಹೊಸಬರಿಗೆ ನಾನೂ ಹೇಳಿಕೊಟ್ಟಿದ್ದೇನೆ, ಅದೂ ಎಂಥಾ ಗತ್ತಿನಲ್ಲಿ!

ಈ ಗತ್ತು ಲ್ಯಾಬಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಬಟ್ಟೆ ಅಂಗಡಿಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಟೇಪು ಇರುತ್ತದೆ. ಮನೆಯ ಮೂರು ಗಡಿಯಾರಗಳೂ ಒಂದೇ ಸೆಕೆಂಡಿಗೆ ಹೊಡೆದುಕೊಳ್ಳಬೇಕು. ಮಗಳಿಗೆ ಜ್ವರ ಬಂದಾಗ ಎರಡು ಥರ್ಮಾಮೀಟರ್ ಇಟ್ಟು ಸರಾಸರಿ ತೆಗೆದಿದ್ದೇನೆ. "ಮಗೂಗೆ ಮಾತ್ರೆ ಕೊಡು ಮಾರಾಯ್ತಿ, ಆಮೇಲೆ ಲೆಕ್ಕ ಮಾಡು" ಅಂತ ನಮ್ಮನೆಯವರು ತಲೆ ಚಚ್ಚಿಕೊಂಡಿದ್ದು ಈಗಲೂ ನೆನಪಿದೆ.

ಈ ಚಾಳಿ ಬಂದಿದ್ದು ನಮ್ಮಪ್ಪನಿಂದ ಇರಬೇಕು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ದಾಸರಹಳ್ಳಿಯ ವಠಾರದಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಅರ್ಧ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಮೀಟರ್ ಇತ್ತು. ಚಕ್ರದ ಕಡ್ಡಿಗೆ ಸಿಕ್ಕಿಸಿದ ಒಂದು ಮೊಳೆ ಪ್ರತಿ ಸುತ್ತಿಗೂ ಅದರ ಹಲ್ಲಿಗೆ ತಗುಲಿ ಟಿಕ್ ಅನ್ನುತ್ತಿತ್ತು, ಅಂಕಿ ಮೆಲ್ಲಗೆ ಮುಂದೆ ಹೋಗುತ್ತಿತ್ತು. ಇಷ್ಟು ಕಿಲೋಮೀಟರಿಗೆ ಒಮ್ಮೆ ಚೈನಿಗೆ ಎಣ್ಣೆ ಅಂತ ಅಪ್ಪನ ಲೆಕ್ಕ. ಒಂದು ಭಾನುವಾರ ಅಪ್ಪ ಊಟ ಮಾಡಿ ಮಲಗಿದ್ದಾಗ ನಾನೂ ನನ್ನ ತಂಗಿಯೂ ಸೈಕಲ್ಲನ್ನು ತಲೆಕೆಳಗು ಮಾಡಿ, "ತುಮಕೂರಿಗೆ ಹೋಗಿಬರೋಣ್ವಾ?" ಅಂತ ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಲು ಶುರು ಮಾಡಿದೆವು. ಟಿಕ್ ಟಿಕ್ ಟಿಕ್. ನಾನು ಸೋತರೆ ಅವಳು, ಅವಳು ಸೋತರೆ ನಾನು. ಮೀಟರಿನಲ್ಲಿ ತುಮಕೂರು ದಾರಿಯ ಮಾಕಳಿ ಬರುವಷ್ಟು ದೂರ ಆಗುವಷ್ಟರಲ್ಲಿ ಇಬ್ಬರ ಕೈಯೂ ಬಿದ್ದುಹೋಯಿತು. ತುಮಕೂರು ಆಸೆ ಬಿಟ್ಟು ಸೈಕಲ್ ನೆಟ್ಟಗೆ ನಿಲ್ಲಿಸಿ, ಏನೂ ಆಗದವರ ಹಾಗೆ ಕುಂಟೆಬಿಲ್ಲೆ ಆಡಲು ಹೋದೆವು.

ಸೋಮವಾರ ಬೆಳಿಗ್ಗೆ ಅಪ್ಪ ಮೀಟರ್ ನೋಡಿ, ಕಾಲು ನೀವಿಕೊಳ್ಳುತ್ತಾ, "ರಾತ್ರಿ ನಿದ್ದೇಲಿ ಮಾಕಳಿಗೆ ಹೋಗಿ ಬಂದಿದ್ದೀನಿ ಅಂತ ಕಾಣುತ್ತೆ. ಅದಕ್ಕೇ ಮಂಡಿ ನೋವು" ಅಂದ. ನಾವು ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದೆವು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮೀಟರಿಗೆ ಚಕ್ರ ತಿರುಗಿದ್ದು ಗೊತ್ತಾಗುತ್ತೆ ಮಗಳೇ. ಗಾಡಿ ಹೋಗಿದ್ದು ಗೊತ್ತಾಗಲ್ಲ" ಅಂದು ತಲೆ ಸವರಿ ಹೊರಟ. ಅಷ್ಟು ಸರಿಯಾದ ಮಾತನ್ನು ಅಷ್ಟು ಚಿಕ್ಕಂದಿನಲ್ಲೇ ಕೇಳಿಸಿಕೊಂಡವಳು ಐವತ್ತು ದಾಟಿದ ಮೇಲೆ ಏನು ಮಾಡಿದಳು ಅಂತ ಈಗ ಹೇಳುತ್ತೇನೆ. ನೀವು ಈಗಲೇ ನಗಬೇಡಿ, ಇನ್ನೂ ಇದೆ.

ನನ್ನದೊಂದು ಹಳೆಯ ಸ್ಕೂಟರ್. ಒಂದು ದಿನ ಅದರ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದು ಏಳಲೇ ಇಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವ ಇಮ್ತಿಯಾಜ್ ಭಾಯ್ ಮುಂದಿನ ಚಕ್ರ ಬಿಚ್ಚಿ, ಒಳಗಿನಿಂದ ಸವೆದುಹೋದ ಒಂದು ಪ್ಲಾಸ್ಟಿಕ್ ಚಕ್ರ ತೆಗೆದು ತೋರಿಸಿದರು. ಚಕ್ರ ತಿರುಗಿದ್ದನ್ನು ಮೀಟರಿಗೆ ಮುಟ್ಟಿಸುವುದು ಅದರ ಕೆಲಸ.

"ನಿಮ್ ಗಾಡೀದು ಸಿಗ್ತಾ ಇಲ್ಲ ಮೇಡಂ. ಬೇರೆ ಗಾಡೀದು ಐತೆ, ಕೂರುತ್ತೆ. ಒಂದ್ ಹಲ್ಲು ಜಾಸ್ತಿ ಐತೆ, ನಡೀತದಾ?"

ನನಗೋ ಆಫೀಸಿಗೆ ತಡವಾಗಿತ್ತು. "ಒಂದು ಹಲ್ಲಲ್ಲಿ ಏನಾಗುತ್ತೆ ಭಾಯ್? ಬೇಗ ಹಾಕಿಕೊಡಿ" ಅಂದುಬಿಟ್ಟೆ. ಕೂದಲೆಳೆಯನ್ನು ಹತ್ತು ಭಾಗ ಮಾಡುವ ನಾನು! ಒಂಬತ್ತು ಹಲ್ಲಿರಬೇಕಾದ ಕಡೆ ಹತ್ತು ಹಲ್ಲು ಕೂತಿತು. ಹತ್ತು ಕಿಲೋಮೀಟರ್ ಓಡಿದರೆ ಮೀಟರಿನಲ್ಲಿ ಒಂಬತ್ತೇ ಬರುವ ಹಾಗಾಯಿತು. ಮುಳ್ಳು ಮತ್ತೆ ಎದ್ದು ಕುಣಿಯುತ್ತಿದ್ದುದನ್ನು ನೋಡಿ ನಾನು ಖುಷಿಯಾಗಿ ಹೊರಟೆ.

ಅಲ್ಲಿಂದ ಊರಿನ ಮೇಲೆಲ್ಲ ನನಗೆ ಅನುಮಾನ ಶುರುವಾಯಿತು. ಮೊದಲು ಪೆಟ್ರೋಲ್ ಬಂಕಿನವನು. ಲೀಟರಿಗೆ ಬರುತ್ತಿದ್ದ ಮೈಲೇಜು ಇದ್ದಕ್ಕಿದ್ದಂತೆ ಇಳಿದಿತ್ತು. "ಏನಪ್ಪಾ, ಕಮ್ಮಿ ಹಾಕ್ತಾ ಇದ್ದೀಯಾ?" ಅಂತ ಜೋರು ಮಾಡಿ, ಐದು ಲೀಟರಿನ ಅಳತೆ ಡಬ್ಬ ತರಿಸಿ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಅಳೆಸಿದೆ. ಡಬ್ಬ ಸರಿಯಾಗಿ ತುಂಬಿತು. "ಡಬ್ಬಾನೂ ನಿಮ್ಮದೇ ಅಲ್ವಾ" ಅಂದು ಬಂದೆ. ಆಮೇಲೆ ತುಮಕೂರು ರಸ್ತೆಯಲ್ಲಿ ಐವತ್ತರ ಮಿತಿ ದಾಟಿದ್ದೀರಿ ಅಂತ ಮೊಬೈಲಿಗೆ ದಂಡದ ಸಂದೇಶ ಬಂತು. ನನ್ನ ಮುಳ್ಳು ನಲವತ್ತೆಂಟರ ಮೇಲೆ ಹೋಗಿರಲಿಲ್ಲ, ದೇವರಾಣೆ. ದಂಡ ಕಟ್ಟಲು ಹೋದಲ್ಲಿ ಕುಳಿತಿದ್ದ ಪೊಲೀಸಿನವರಿಗೆ ಕ್ಯಾಮೆರಾವನ್ನು ಹೇಗೆ ಪರೀಕ್ಷಿಸಬೇಕು ಅಂತ ಅರ್ಧ ಗಂಟೆ ಪಾಠ ಮಾಡಿದೆ. ಅವರು ಪಾಪ ಎಲ್ಲವನ್ನೂ ಕೇಳಿಸಿಕೊಂಡು, "ಕಾರ್ಡಾ, ಕ್ಯಾಷಾ ಮೇಡಂ?" ಅಂದರು.

ಇನ್ನೊಂದು ತಮಾಷೆ ಇದೆ. ನಾನು ಕಾಡುಗೋಡಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಕಾರ್ಖಾನೆಗಳಿಗೇ ಹೋಗಿ ಗೇಜುಗಳನ್ನು ನೋಡಿ ಬರುವುದುಂಟು. ಅದಕ್ಕೆ ಆಫೀಸಿನವರು ಸ್ಕೂಟರಿನ ಮೀಟರ್ ಪ್ರಕಾರ ಕಿಲೋಮೀಟರಿಗೆ ಇಷ್ಟು ಅಂತ ಭತ್ಯೆ ಕೊಡುತ್ತಾರೆ. ಆ ಹತ್ತು ಹಲ್ಲಿನ ಚಕ್ರ ಇದ್ದ ಆರು ತಿಂಗಳು ಹತ್ತರಲ್ಲಿ ಒಂದು ಪಾಲನ್ನು ನಾನೇ ಬಿಟ್ಟುಕೊಟ್ಟಿದ್ದೆ. ಅದೊಂದು ಕಡೆ ಮಾತ್ರ ಯಾರ ಮೇಲೂ ನನಗೆ ಅನುಮಾನ ಬರಲಿಲ್ಲ, ನೋಡಿ.

ಇವೆಲ್ಲ ಇರಲಿ. ಬಂಕಿನವನೂ ಪೊಲೀಸಿನವರೂ ನನ್ನಂಥವರನ್ನು ದಿನಾ ನೋಡುತ್ತಾರೆ, ಸಂಜೆಗೆ ಮರೆಯುತ್ತಾರೆ. ಮುನಿರಾಜಣ್ಣನ ವಿಷಯ ಹಾಗಲ್ಲ.

ಮುನಿರಾಜಣ್ಣ ನಮ್ಮ ಬೀದಿ ಮೂಲೆಯ ಸ್ಟ್ಯಾಂಡಿನಲ್ಲಿ ಆಟೋ ಓಡಿಸುವವರು. ಈ ಕಡೆಯ ಹಳೇ ಊರಿನವರು. ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ತೋರಿಸಿ, "ಇದೇ ನಮ್ಮ ತಾತನ ಬಾವಿ" ಅನ್ನುತ್ತಾರೆ. ಈಗಿನ ಆಟೋದವರೆಲ್ಲ ಆಪ್ ನೋಡುತ್ತಾರೆ, ಇಲ್ಲವೇ ಬಾಯಿಗೆ ಬಂದಷ್ಟು ಕೇಳುತ್ತಾರೆ. ಇವರೊಬ್ಬರು ಮಾತ್ರ ನಾವು ಕೂತ ತಕ್ಷಣ ಮೀಟರ್ ಹಾಕುತ್ತಿದ್ದರು. ಸ್ಟ್ಯಾಂಡಿನಲ್ಲಿ ಅವರ ಹೆಸರೇ ಮೀಟರ್ ಮುನಿರಾಜಣ್ಣ. ನಮ್ಮ ಬೀದಿಯ ಹೆಂಗಸರು, ವಯಸ್ಸಾದವರು ಇವರ ಆಟೋ ಹತ್ತುವಾಗ ಎಷ್ಟು ಅಂತ ಕೇಳುತ್ತಲೇ ಇರಲಿಲ್ಲ.

ಮೆಟ್ರೋ ಮೆಟ್ಟಿಲಲ್ಲಿ ಕಾಲು ಉಳುಕಿ, ಸ್ಕೂಟರ್ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ನಾನು ಅವರ ಆಟೋದಲ್ಲಿ ಲ್ಯಾಬಿಗೆ ಹೋಗಿಬರತೊಡಗಿದೆ. ಮನೆಯಿಂದ ಲ್ಯಾಬಿಗೆ ನನ್ನ ಸ್ಕೂಟರಿನ ಪ್ರಕಾರ ನಾಲ್ಕೂವರೆ ಕಿಲೋಮೀಟರ್. ಅವರ ಮೀಟರ್ ಐದು ತೋರಿಸಿತು. ಮೊದಲ ದಿನ ಸುಮ್ಮನಿದ್ದೆ. ಎರಡನೇ ದಿನ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರನೇ ದಿನ ಸಂಜೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಡೆಯಲಾಗಲಿಲ್ಲ.

"ಮುನಿರಾಜಣ್ಣ, ನಿಮ್ಮ ಮೀಟರ್ ಜಾಸ್ತಿ ಓಡ್ತಾ ಇದೆ."

ನಾಲ್ಕೈದು ಜನ ಡ್ರೈವರುಗಳು ಅಲ್ಲೇ ಟೀ ಕುಡಿಯುತ್ತಿದ್ದರು. ಎಲ್ಲರೂ ತಿರುಗಿದರು.

"ಇಲ್ಲ ಮೇಡಂ, ನೋಡಿ ಇಲ್ಲಿ, ಸೀಲ್ ಐತೆ. ಅಳತೆ ಇಲಾಖೆಯೋರು ಆಕಿರೋದು. ನಾನ್ ಕೈ ಮುಟ್ಟಿಲ್ಲ."

"ಸೀಲ್ ಹಾಕಿದ ದಿನ ಸರಿ ಇತ್ತು ಅಂತ ಅಷ್ಟೇ ಅದರ ಅರ್ಥ. ನನಗೆ ಹೇಳ್ಕೊಡಬೇಡಿ, ನನ್ನ ಕೆಲಸಾನೇ ಇದು."

ಅಷ್ಟಕ್ಕೇ ಬಿಟ್ಟೆನೇ? ಬ್ಯಾಗಿನಿಂದ ಲ್ಯಾಬಿನ ಚೀಟಿ ತೆಗೆದು, ಆಟೋದ ಮೇಲೇ ಇಟ್ಟುಕೊಂಡು ಬರೆದೆ. ತೋರಿಸಿದ ದೂರ ೫.೦. ನಿಜವಾದ ದೂರ ೪.೫. ದೋಷ ಶೇಕಡಾ ೧೧.೧ ಹೆಚ್ಚು. ಕೆಳಗೆ ಸಹಿ, ಹುದ್ದೆ. ದಶಾಂಶವನ್ನೂ ಬಿಡಲಿಲ್ಲ. "ಇದನ್ನ ತೋರಿಸಿ ರಿಪೇರಿ ಮಾಡಿಸಿಕೊಳ್ಳಿ" ಅಂತ ಕೈಗಿಟ್ಟೆ. ಮುನಿರಾಜಣ್ಣ ಚೀಟಿ ನೋಡುತ್ತಾ ನಿಂತರು. ಟೀ ಕುಡಿಯುತ್ತಿದ್ದವರಲ್ಲಿ ಒಬ್ಬ, "ಅಯ್ಯೋ ಗುರು, ಮೀಟರ್ ಮುನಿರಾಜಣ್ಣನೂ ನಮ್ ಪಾರ್ಟಿನೇ ಬಿಡು!" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಕುಂಟುತ್ತಾ, ಆದರೆ ಬಹಳ ಹೆಮ್ಮೆಯಿಂದ, ಮನೆಗೆ ಬಂದೆ.

ಮಾರನೆಯ ದಿನ ನೋಡಿದರೆ ಅವರ ಮೀಟರಿನ ಮೇಲೆ ಒಂದು ಟವೆಲ್ ಸುತ್ತಿತ್ತು.

"ಎಷ್ಟ್ ಕೊಡ್ತೀರಾ ಮೇಡಂ?"

ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ಮೀಟರ್ ಹಾಕಲ್ವಾ?" ಅಂದೆ.

"ಮೀಟ್ರು ಕೆಟ್ಟೈತೆ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ."

ಆಗಲಾದರೂ ಚುರುಕ್ಕೆನ್ನಬೇಕಿತ್ತು. ಅನ್ನಲಿಲ್ಲ. ನೋಡಿದ್ರಾ, ಸಿಕ್ಕಿಬಿದ್ದ ಮೇಲೆ ಮುಚ್ಚಿಟ್ಟಿದ್ದಾರೆ ಅಂತಲೇ ಅಂದುಕೊಂಡೆ. ವಾರ ಕಳೆಯಿತು, ತಿಂಗಳು ಕಳೆಯಿತು, ಟವೆಲ್ ಮೀಟರಿನ ಮೇಲೇ ಇತ್ತು. ಎದುರುಮನೆಯ ಸುಶೀಲಮ್ಮ, "ಮುನಿರಾಜಣ್ಣನೂ ಈಗ ಚೌಕಾಸಿ ಮಾಡೋ ಹಾಗಾಯ್ತಲ್ಲೇ" ಅಂತ ಪೇಚಾಡಿದರು. ಇದ್ದದ್ದು ಒಂದೇ ಒಂದು ಮೀಟರಿನ ಆಟೋ, ಅದನ್ನೂ ನಾನು ನಿಲ್ಲಿಸಿದ್ದೆ.

ಕಾಲು ಸರಿಹೋದ ಮೇಲೆ ಒಂದು ಭಾನುವಾರ ನೆಲಮಂಗಲದ ಆಚೆ ನೆಂಟರ ಮನೆಯ ಗೃಹಪ್ರವೇಶ. ನಮ್ಮನೆಯವರನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟೆ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲು ಕಂಡರೆ ಮೀಟರ್ ನೋಡುವುದು ನನ್ನ ಚಟ. ಒಂದು ಕಲ್ಲು ದಾಟಿದೆ. ಮೀಟರಿನಲ್ಲಿ ಒಂಬೈನೂರು ಮೀಟರ್ ಆಗುವಷ್ಟರಲ್ಲೇ ಮುಂದಿನ ಕಲ್ಲು ಬಂದುಬಿಟ್ಟಿತು. ಅದರ ಮುಂದಿನದೂ ಹಾಗೇ, ಅದರಾಚೆಯದೂ ಹಾಗೇ. ನನಗೆ ಮೈಯೆಲ್ಲ ಉರಿಯಿತು.

"ನೋಡಿ, ಕಲ್ಲು ನೆಡೋದರಲ್ಲೂ ಮೋಸ! ಹತ್ತಿರ ಹತ್ತಿರ ನೆಟ್ಟು ಹತ್ತು ಕಿಲೋಮೀಟರಿಗೆ ಒಂದು ಕಿಲೋಮೀಟರ್ ರಸ್ತೆ ನುಂಗಿದ್ದಾರೆ!"

ಹಿಂದೆ ಕೂತಿದ್ದ ನಮ್ಮನೆಯವರು ಬಹಳ ನಿಧಾನವಾಗಿ ಹೇಳಿದರು. "ಅಲ್ಲ ಕಣೇ, ಬಂಕಿನವನು ಕಳ್ಳ. ಪೊಲೀಸಿನವರ ಕ್ಯಾಮೆರಾ ಕಳ್ಳ. ಮುನಿರಾಜಣ್ಣ ಕಳ್ಳ. ಈಗ ರಸ್ತೆ ಕಲ್ಲೂ ಕಳ್ಳ. ಇವರೆಲ್ಲ ಸೇರಿಕೊಂಡು ನಿನ್ನ ಒಂದು ಸ್ಕೂಟರಿಗೆ ಮೋಸ ಮಾಡ್ತಾ ಇದ್ದಾರಾ?"

ನಾನು ಸ್ಕೂಟರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಒಂದು ಹಲ್ಲು ಜಾಸ್ತಿ. ಇಮ್ತಿಯಾಜ್ ಭಾಯ್ ಹೇಳಿದ್ದ ಮಾತು, ಲ್ಯಾಬಿನ ಮೊದಲನೇ ನಿಯಮ, ತಲೆ ಸವರಿ ಹೋದ ಅಪ್ಪ, ಎಲ್ಲ ಒಟ್ಟಿಗೇ ನೆನಪಿಗೆ ಬಂದವು. ಲೋಕದಲ್ಲಿರುವ ಎಲ್ಲ ಮೀಟರುಗಳನ್ನೂ ನಾನು ಪರೀಕ್ಷಿಸಿದ್ದೆ, ಪರೀಕ್ಷಿಸುವ ಮೀಟರ್ ಒಂದನ್ನು ಬಿಟ್ಟು. ಗೃಹಪ್ರವೇಶದಲ್ಲಿ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದನ್ನು ಕಷ್ಟಪಟ್ಟು ತಿಂದೆ. ಮೂರನೆಯದನ್ನು ಬೇಡ ಅಂದೆ, ಅಷ್ಟು ದುಃಖವಾಗಿತ್ತು.

ಸೋಮವಾರವೇ ಇಮ್ತಿಯಾಜ್ ಭಾಯ್ ಎಲ್ಲಿಂದಲೋ ಒಂಬತ್ತು ಹಲ್ಲಿನದನ್ನು ಹುಡುಕಿ ತಂದು ಹಾಕಿದರು. "ಅವತ್ತೇ ಹೇಳಿದ್ನಲ್ಲ ಮೇಡಂ" ಅಂತ ಬೇಸರವಿಲ್ಲದೆ ನಕ್ಕು, ಹಳೆಯದನ್ನು ನನ್ನ ಕೈಗೆ ಹಾಕಿದರು. ಲ್ಯಾಬಿಗೆ ಹೋಗುವಷ್ಟರಲ್ಲಿ ನನ್ನ ಮೀಟರ್ ಐದು ಕಿಲೋಮೀಟರ್ ತೋರಿಸಿತು.

ಇನ್ನು ಉಳಿದಿದ್ದು ಮುನಿರಾಜಣ್ಣ. ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು ಅನ್ನುತ್ತೀರಿ. ನೀವು ಹೇಳಿ ನೋಡಿ, ಐದಾರು ಜನ ಡ್ರೈವರುಗಳ ಎದುರಿಗೆ! ಒಂದು ವಾರ ನಾನು ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿಕೊಂಡು ಆ ಸ್ಟ್ಯಾಂಡ್ ದಾಟಿದೆ. ಪ್ರತಿ ಸಲವೂ ಟವೆಲ್ ಸುತ್ತಿದ ಮೀಟರ್ ಕಣ್ಣಿಗೆ ಬೀಳುತ್ತಿತ್ತು. ಮೆಲ್ಲಗೆ ಒಬ್ಬರನ್ನೇ ಕರೆದು ಹೇಳಿಬಿಡೋಣವೇ ಅಂದುಕೊಂಡೆ. "ಬೈದಿದ್ದು ಎಲ್ಲರ ಎದುರಿಗೆ, ಕ್ಷಮೆ ಕೇಳೋದು ಮಾತ್ರ ಮೂಲೇಲಾ?" ಅಂದರು ನಮ್ಮನೆಯವರು. ಅವರಿಗೆ ಇಂಥ ಹೊತ್ತಿನಲ್ಲಿ ಮಾತು ಚೆನ್ನಾಗಿ ಬರುತ್ತದೆ.

ಎಂಟನೆಯ ದಿನ ಬೆಳಿಗ್ಗೆ ಸ್ಕೂಟರ್ ಮನೆಯಲ್ಲೇ ಬಿಟ್ಟು, ಆ ಹತ್ತು ಹಲ್ಲಿನ ಚಕ್ರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸ್ಟ್ಯಾಂಡಿಗೆ ನಡೆದೆ. ಎಲ್ಲರೂ ಇದ್ದರು. ಎಲ್ಲರ ಕೈಯಲ್ಲೂ ಟೀ ಇತ್ತು. ನಾನು ಮುಷ್ಟಿ ಬಿಚ್ಚಿ, ಒಂಬತ್ತು ಹಲ್ಲು, ಹತ್ತು ಹಲ್ಲು, ಅದರ ಅನುಪಾತ ಅಂತ ವಿವರಿಸಲು ಶುರು ಮಾಡಿದೆ. ಮುನಿರಾಜಣ್ಣ ಅರ್ಧದಲ್ಲೇ ಕೈ ಎತ್ತಿದರು.

"ಅದೆಲ್ಲ ನಂಗ್ ಗೊತ್ತಾಗಲ್ಲ ಮೇಡಂ. ನನ್ ಮೀಟ್ರು ಸರಿ ಐತೋ ಇಲ್ವೋ, ಅದೇಳಿ."

"ಸರಿ ಇದೆ."

"ಇವ್ರಿಗೆಲ್ಲ ಕೇಳ್ಸೋ ಅಂಗೇಳಿ."

"ಮುನಿರಾಜಣ್ಣನ ಮೀಟರ್ ಸರಿ ಇದೆ!" ಅಂದೆ. ಟೀ ಅಂಗಡಿಯವನೂ ಪಾತ್ರೆ ಬಿಟ್ಟು ನೋಡಿದ. "ನೀವು ಆವಾಗ್ಲೇ ಇಲಾಖೆಗೆ ಹೋಗಿ ಚೆಕ್ ಮಾಡಿಸಿ ನನ್ನ ಮುಖಕ್ಕೆ ಹಿಡೀಬಾರದಿತ್ತಾ ಮುನಿರಾಜಣ್ಣ?" ಎಂದು ಕೇಳಿದೆ.

"ಇಪ್ಪತ್ತೊರ್ಷ ಈ ಬೀದಿಯೋರು ನನ್ನ ನಂಬಿದ್ದು ಸೀಲ್ ನೋಡಾ ಮೇಡಂ?"

ಅವರು ಆಟೋದೊಳಗೆ ಕೈ ಹಾಕಿ, ಟವೆಲಿನ ಅಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಚೀಟಿ ತೆಗೆದರು. ನನ್ನದೇ ಚೀಟಿ. ಇಷ್ಟು ದಿನ ಅದನ್ನು ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದ್ದರು.

"ಬರ್ದಿರೋದ್ನ ತಿದ್ಕೊಡಿ."

ಪೆನ್ನು ತೆಗೆದೆ. ೧೧.೧ರ ಮೇಲೆ ಒಂದೇ ಒಂದು ಗೆರೆ ಎಳೆದೆ, ಕೆಳಗಿನ ಅಂಕಿ ಕಾಣುವ ಹಾಗೆ. ಪಕ್ಕದಲ್ಲಿ ಬರೆದೆ: ಆಟೋ ಮೀಟರ್ ಸರಿ ಇದೆ, ಸ್ಕೂಟರ್ ತಪ್ಪು. ಸಹಿ ಹಾಕಿ ಕೊಟ್ಟೆ. ಮುನಿರಾಜಣ್ಣ ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದು, ಒಂದೊಂದೇ ಪದ ಕೂಡಿಸಿ ಓದಿದರು.

"ಸ್ಕೂಟ್ರು ತಪ್ಪು ಅಂತ ಬರ್ದಿದ್ದೀರ."

"ಹೌದು."

"ಅವತ್ತು ಇಲ್ಲಿ ಬಂದು ನಿಂತ್ಕೊಂಡು ನನ್ನ ಕಳ್ಳನ್ ಮಾಡಿದ್ದು ಸ್ಕೂಟ್ರಾ ಮೇಡಂ?"

ಟೀ ಕುಡಿಯುತ್ತಿದ್ದವರು ಯಾರೂ ನಗಲಿಲ್ಲ. ನಾನು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಸ್ಕೂಟರ್ ಅನ್ನುವುದರ ಮೇಲೆ ಇನ್ನೊಂದು ಗೆರೆ ಎಳೆದೆ. ಅದರ ಮೇಲೆ 'ನನ್ನ' ಅಂತ ಬರೆದೆ. ಮತ್ತೆ ಸಹಿ ಹಾಕಿದೆ. ಇಪ್ಪತ್ತಾರು ವರ್ಷದಲ್ಲಿ ಒಂದೇ ಚೀಟಿಯನ್ನು ಎರಡು ಸಲ ತಿದ್ದಿದ್ದು ಅದೊಂದೇ.

ಮುನಿರಾಜಣ್ಣ ಓದಿ, ಮಡಚಿ, ಕವರಿನೊಳಗೆ ಹಾಕಿ ಜೇಬಿಗಿಟ್ಟುಕೊಂಡರು. ಮೀಟರಿನ ಟವೆಲ್ ಬಿಚ್ಚಿದರು, ಅದರಿಂದಲೇ ಮೀಟರಿನ ಗಾಜು ಒರೆಸಿದರು, ಒದರಿ ಹೆಗಲಿಗೆ ಹಾಕಿಕೊಂಡರು.

"ಅತ್ತಿ ಮೇಡಂ. ಆಫೀಸ್ಗೆ ಲೇಟಾಗ್ತೈತೆ."

ಕೂತೆ. ಮೀಟರ್ ಹಾಕಿದರು. ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಬಂದಾಗ, "ಇದೇ ನಮ್ಮ ತಾತನ ಬಾವಿ" ಅಂದರು, ನನಗೆ ಗೊತ್ತೇ ಇಲ್ಲದವರ ಹಾಗೆ. ನಾನೂ ಹೊಸದಾಗಿ ಕೇಳಿದವಳ ಹಾಗೆ, "ಹೌದಾ?" ಅಂದೆ. ಲ್ಯಾಬಿನ ಗೇಟಿನಲ್ಲಿ ಇಳಿದು ಪರ್ಸ್ ತೆಗೆದು ಕೇಳಿದೆ.

"ಎಷ್ಟಾಯ್ತು ಮುನಿರಾಜಣ್ಣ?"

"ಮೀಟರ್ ನೋಡಿ ಮೇಡಂ" ಅಂದರು.